ಸ್ವಿಂಗ್ 92 ಮೈಲಿ, ಚೆಂಡು ಮಾತ್ರ 178 ಯಾರ್ಡ್: ಉಳಿದದ್ದು ಎಲ್ಲಿ ಸೋರಿ ಹೋಗ್ತಿದೆ?

ಬೆಟ್ಟದಡಿ_ಬೋಗಿ · ಮೈಸೂರು · ಭಾನುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಓದ್ತಾ ಇದ್ದೀನಿ, ಬರೀತಿರೋದು ಇದೇ ಮೊದಲು. ವಯಸ್ಸು 54, ಹ್ಯಾಂಡಿಕ್ಯಾಪ್ 19 (ಕೋರ್ಸಿನ ಲೆಕ್ಕಕ್ಕಿಂತ ಸುಮಾರು ಅಷ್ಟು ಹೊಡೆತ ಜಾಸ್ತಿ), ಅದೂ ಗುಳಿ ಹತ್ರ ಚೆಂಡು ತಳ್ಳೋ ಪಟರ್ ಪುಣ್ಯದಿಂದ. ಶನಿವಾರ ಭಾನುವಾರ ನಮ್ಮ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಲ್ಲಿ ಆಡ್ತೀನಿ.

ಹೋದ ವಾರ ಬೆಂಗಳೂರಿಗೆ ಮಗಳ ಮನೆಗೆ ಹೋಗಿದ್ದೆ. ಅಳಿಯ ಒಂದು ಸಿಮ್ಯುಲೇಟರ್ ಅಂಗಡಿಗೆ ಕರ್ಕೊಂಡು ಹೋದ. ಡ್ರೈವರಲ್ಲಿ, ಅಂದ್ರೆ ದೂರ ಹೊಡೆಯೋ ಉದ್ದನೆ ಕೋಲಲ್ಲಿ (ಕ್ಲಬ್), ಹತ್ತು ಚೆಂಡು ಹೊಡೆದೆ. ಸರಾಸರಿ ಬಂದದ್ದು ಹೀಗೆ: ಸ್ವಿಂಗ್ ವೇಗ ಗಂಟೆಗೆ 92 ಮೈಲಿ, ಚೆಂಡಿನ ವೇಗ 124 ಮೈಲಿ, ಹೊರಡೋ ಕೋನ 8 ಡಿಗ್ರಿ, ಸ್ಪಿನ್ ನಿಮಿಷಕ್ಕೆ 3900 ಸುತ್ತು, ಕ್ಯಾರಿ (ನೆಲ ಮುಟ್ಟೋ ಮೊದಲು ಗಾಳಿಯಲ್ಲಿ ಹೋದ ದೂರ) 178 ಯಾರ್ಡ್. ಅಂಗಡಿ ಹುಡುಗ ಪರದೆ ಕಡೆ ಸರಿಯಾಗಿ ನೋಡ್ಲೂ ಇಲ್ಲ. "ಅಂಕಲ್, ನಿಮ್ಮ ಡ್ರೈವರ್ ಹತ್ತು ವರ್ಷ ಹಳೇದು. ಹೊಸದು ತಗೊಳ್ಳಿ, 25 ಯಾರ್ಡ್ ಗ್ಯಾರಂಟಿ" ಅಂದ. ಬೆಲೆ 58,000. ಅಳಿಯ ಪರ್ಸ್ ತೆಗೆಯೋಕೆ ಹೋದ. ಅಳಿಯನ ದುಡ್ಡಲ್ಲಿ ಕ್ಲಬ್ ತಗೊಂಡ್ರೆ ಮನೆಯಲ್ಲಿ ಏನಾಗುತ್ತೆ ಅಂತ ಗೊತ್ತಿದ್ದರಿಂದ "ಯೋಚನೆ ಮಾಡಿ ಹೇಳ್ತೀನಪ್ಪ" ಅಂತ ಎದ್ದು ಬಂದೆ.

ನನ್ನ ಸಂಕಟ ಬೇರೆ. ನಮ್ಮ ಗುಂಪಲ್ಲಿ 63 ವರ್ಷದ ಒಬ್ಬರು ಇದ್ದಾರೆ, ಸಣಕಲು ದೇಹ. ಬೀಸೋದು ನೋಡಿದ್ರೆ ನಿದ್ದೆಗಣ್ಣಲ್ಲಿ ಬೀಸಿದ ಹಾಗಿರುತ್ತೆ. ಚೆಂಡು ಮಾತ್ರ ನನ್ನದಕ್ಕಿಂತ 20 ಯಾರ್ಡ್ ಮುಂದೆ ಹೋಗಿ ಕೂತಿರುತ್ತೆ. ವೇಗ ಜಾಸ್ತಿ ಇದ್ದವನಿಗೆ ದೂರ ಜಾಸ್ತಿ ಅಂತಲ್ವಾ ಲೆಕ್ಕ? ನಾನು ಇನ್ನೂ ಜೋರಾಗಿ ಬೀಸಬೇಕಾ, ಹೊಸ ಡ್ರೈವರ್ ತಗೋಬೇಕಾ?

---

ಮಗಾ_ಡ್ರೈವರ್ · ಮೈಸೂರು · 9.52

ಸರ್, ಸ್ಪೀಡೇ ದೇವ್ರು. ಜಿಮ್ಮಿಗೆ ಸೇರ್ಕೊಳಿ, ಡೆಡ್‌ಲಿಫ್ಟ್ ಮಾಡಿ. ಅಮೆರಿಕದ ವೃತ್ತಿಪರರ ಪಿಜಿಎ ಟೂರಲ್ಲಿ ಸರಾಸರಿ 113 ಮೈಲಿ ಮೇಲೆ ಇದೆ. ಡಿಶಾಂಬೋ 2020ರಲ್ಲಿ ಮೈ ಬೆಳೆಸ್ಕೊಂಡು ಬಂದು ವಿಂಗ್ಡ್ ಫುಟ್ ಕೋರ್ಸಲ್ಲಿ ಯುಎಸ್ ಓಪನ್ ಗಾಲ್ಫ್ ಹೊಡ್ಕೊಂಡು ಹೋದ. 92ರಲ್ಲಿ ಏನೂ ಆಗಲ್ಲ. ನಂದು 112.

---

ನಿವೃತ್ತ_ಮೇಷ್ಟ್ರು · ಮೈಸೂರು · 10.31

ಬೋಗಿಯವರೇ, ಅಂಗಡಿ ಹುಡುಗ ನೋಡದ ಪರದೆಯಲ್ಲೇ ಉತ್ತರ ಇದೆ. 124ನ್ನು 92ರಿಂದ ಭಾಗಿಸಿ, 1.35 ಬರುತ್ತದೆ. ಇದಕ್ಕೆ ಸ್ಮ್ಯಾಶ್ ಫ್ಯಾಕ್ಟರ್ ಅನ್ನುತ್ತಾರೆ. ನೀವು ಬೀಸಿದ ವೇಗದ ಎಷ್ಟು ಪಟ್ಟು ಚೆಂಡಿಗೆ ದಕ್ಕಿತು ಎಂಬ ಲೆಕ್ಕ ಅದು.

ಎಷ್ಟು ದಕ್ಕಬೇಕಿತ್ತು? ಪಿಯುಸಿ ಭೌತಶಾಸ್ತ್ರ ಸಾಕು. ಡ್ರೈವರ್ ತಲೆ ಸುಮಾರು 200 ಗ್ರಾಂ. ಚೆಂಡು ನಿಯಮದ ಪ್ರಕಾರ 45.93 ಗ್ರಾಂ ಮೀರುವಂತಿಲ್ಲ, 46 ಅಂತಿಟ್ಟುಕೊಳ್ಳಿ. ಚೆಂಡಿಗೆ ತಾಗುವ ಮುಖದ ಪುಟಿಯುವ ಗುಣಾಂಕಕ್ಕೆ 0.83ರ ಆಸುಪಾಸಿನಲ್ಲಿ ನಿಯಮವೇ ಬೇಲಿ ಹಾಕಿದೆ. ಒಂದಕ್ಕೆ 0.83 ಕೂಡಿಸಿದರೆ 1.83. 46ನ್ನು 200ರಿಂದ ಭಾಗಿಸಿ ಒಂದು ಕೂಡಿಸಿದರೆ 1.23. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 1.49 ಸಿಗುತ್ತದೆ. ಅಂದರೆ ನಿಮ್ಮ ಇದೇ 92 ಮೈಲಿಗೆ ಚೆಂಡು 137 ಮೈಲಿ ವೇಗದಲ್ಲಿ ಹೊರಡಬಹುದಿತ್ತು. ಹೊರಟಿದ್ದು 124. ಹದಿಮೂರು ಮೈಲಿ ದಾರಿಯಲ್ಲೇ ಸೋರಿ ಹೋಯಿತು.

ಹತ್ತು ವರ್ಷ ಹಿಂದಿನ ಡ್ರೈವರುಗಳೂ ಆ ಬೇಲಿಗೆ ಆತುಕೊಂಡೇ ಇದ್ದವು. ಆದ್ದರಿಂದ ಮಧ್ಯಕ್ಕೆ ಸರಿಯಾಗಿ ತಾಗಿದ ಹೊಡೆತಕ್ಕೆ 58,000 ರೂಪಾಯಿಯ ಕ್ಲಬ್ಬು ಹೆಚ್ಚೇನೂ ಕೊಡಲಾರದು. ಹೊಸದರಲ್ಲಿ ಅಂಚಿಗೆ ತಾಗಿದಾಗ ಆಗುವ ನಷ್ಟ ಕಡಿಮೆ, ಅಷ್ಟು ನಿಜ. ಮೊದಲು ನೋಡಬೇಕಾದ್ದು ಚೆಂಡು ಮುಖದ ಮೇಲೆ ಎಲ್ಲಿ ತಾಗುತ್ತಿದೆ ಎಂಬುದನ್ನು.

---

ಬೆಟ್ಟದಡಿ_ಬೋಗಿ · 10.44

ಮೇಷ್ಟ್ರೇ, ಹೀಗೆ ಯಾರೂ ಹೇಳಿರಲಿಲ್ಲ. ಒಂದು ಅನುಮಾನ. ಜೋರಾಗಿ ಬೀಸಿಯೇ ಆ 13 ಮೈಲಿ ತರೋಕೆ ಆಗಲ್ವಾ?

---

ನಿವೃತ್ತ_ಮೇಷ್ಟ್ರು · 10.58

ತರಬಹುದು. 1.45 ಸಿಕ್ಕರೂ ಸಾಕು ಅಂತ ಇಟ್ಟುಕೊಳ್ಳೋಣ, 1.49 ನಮ್ಮ ನಿಮ್ಮಂಥವರಿಗೆ ದಿನಾ ಸಿಗುವುದಲ್ಲ. ಆಗ ಚೆಂಡು 133. ಅದೇ 133ನ್ನು 1.35 ಇಟ್ಟುಕೊಂಡೇ ಪಡೆಯಬೇಕಾದರೆ ನೀವು 99 ಮೈಲಿ ಬೀಸಬೇಕು. 54ನೇ ವಯಸ್ಸಿನಲ್ಲಿ ಏಳು ಮೈಲಿ ಸೇರಿಸುವುದು ವರ್ಷದ ಕೆಲಸ. ಜೋರು ಬೀಸಿದಷ್ಟೂ ಮಧ್ಯ ತಪ್ಪುವುದೂ ಜಾಸ್ತಿ. ತೂತಿರುವ ಬಿಂದಿಗೆಗೆ ನಲ್ಲಿ ಜೋರಾಗಿ ತಿರುಗಿಸಿದ ಹಾಗೆ.

---

ಕಬ್ಬಿನಗದ್ದೆ_ಮಂಡ್ಯ · ಮಂಡ್ಯ · ಸೋಮವಾರ ಬೆಳಿಗ್ಗೆ 6.15

ಮೇಷ್ಟ್ರು ಯೋಳಿದ್ ಸರಿಯಾಗದೆ. ನಂಗೆ ಲೆಕ್ಕ ಬರಾಕಿಲ್ಲ, ನಾನ್ ಕಂಡಿದ್ ಯೋಳ್ತೀನಿ.

ನಾನು ಮೈಸೂರಲ್ಲಿ ಕೆಲ್ಸುಕ್ಕಿದ್ದಾಗ ಸಾಯೇಬ್ರೊಬ್ರು ಹಳೇ ಕಿಟ್ ಕೊಟ್ರು, ಅಂಗೇ ಗೀಳು ಅಂಟ್ಕತು. ಈಗ ತಿಂಗ್ಳಿಗ್ ಎರಡ್ ಸಲ ಮಂಡ್ಯದಿಂದ ಬತ್ತೀನಿ. ಊರಲ್ಲಿ "ಅದೇನ್ಲಾ ದುಡ್ ಕೊಟ್ ಗೋಲಿ ಆಡಕ್ ಒಯ್ತೀಯ" ಅಂತ ನಗ್ತಾರೆ, ನಗ್ಲಿ ಬುಡಿ.

ಕಬ್ ಕಡಿಯೋರ್ನ ನೋಡಿದ್ದೀರಾ? ಹೊಸ್ದಾಗಿ ಬಂದೋನು ಮಚ್ನ ಬಿಗಿಯಾಗ್ ಹಿಡ್ಕಂಡು ತೋಳ್ ಬಲ್ದಲ್ಲಿ ಚಚ್ತಾನೆ. ಹತ್ ಗಂಟೆ ಹೊತ್ಗೆ ಅವ್ನ ಮುಂಗೈ ಊದ್ಕಂಡಿರ್ತದೆ, ಕಬ್ಬು ಸಿಗುರ್ ಸಿಗುರಾಗ್ ಸೀಳಿರ್ತದೆ. ಹಳೇ ಆಳು ಬತ್ತಾನೆ, ಐವತ್ ಕೇಜಿನೂ ಇರಾಕಿಲ್ಲ. ಮಚ್ ಹಿಡ್ದಿರೋದು ಕೋಳಿಮರಿ ಹಿಡ್ದಂಗೆ. ಕಾಲಿಂದ ಸೊಂಟ, ಸೊಂಟದಿಂದ ಹೆಗ್ಲು, ಆಮ್ಯಾಕ್ ಕೈ, ಕಡೇಗ್ ಮಚ್ಚು. ಒಂದೇ ಏಟು, ಬುಡುಕ್ಕೆ ಸಮವಾಗ್ ಕಡ್ದಿರ್ತದೆ. ಅಲಗಿನ ಹೊಟ್ಟೆ ಭಾಗ ಕಬ್ಗೆ ತಾಕುದ್ರೆ ಕೈಗೆ ಗೊತ್ತೇ ಆಗಾಕಿಲ್ಲ. ತುದಿ ತಾಕ್ತಾ, ಮೊಣಕೈಗಂಟ ಜುಮ್ ಅಂತದೆ.

ನಿಮ್ ಸಣಕಲು ಯಜಮಾನ್ರು ಹಳೇ ಆಳು. ನೀವು ಹೊಸಬ್ರು. ಬ್ಯಾಸ್ರ ಮಾಡ್ಕಬ್ಯಾಡಿ ಸಾ.

---

ಬೆಟ್ಟದಡಿ_ಬೋಗಿ · 7.02

ಬೇಸರ ಏನೂ ಇಲ್ಲ ಮಾರಾಯ್ರೇ. ಮೊಣಕೈ ಜುಮ್ ಅನ್ನೋದು ಓದಿ ಕಾಫಿ ಲೋಟ ಕೆಳಗಿಟ್ಟೆ. ನನಗೆ ದಿನಾ ಆಗುತ್ತೆ ಅದು.

---

ಸರಸ್ವತಿಪುರಂ_ಅಕ್ಕ · ಮೈಸೂರು · 11.20

ಗಂಡಸರ ಗಾಲ್ಫ್ ಹರಟೆಯಲ್ಲಿ ಯಾವಾಗಲೂ ಇದೇ ಕಥೆ. ಯಾರೂ ಹೊರಡೋ ಕೋನ, ಸ್ಪಿನ್ ಕಡೆ ನೋಡಲ್ಲ. ಬೋಗಿ ಸರ್ ಬರೆದಿರೋದು 8 ಡಿಗ್ರಿ, 3900 ಸ್ಪಿನ್. ಚೆಂಡು ಕೆಳಗೆ ಹೊರಟು, ಗಾಳಿಯಲ್ಲಿ ಮೇಲಕ್ಕೆ ಬಾಗಿ, ಅಲ್ಲೇ ಸುಸ್ತಾಗಿ ಸತ್ತ ಹಕ್ಕಿ ಹಾಗೆ ಬೀಳುತ್ತೆ ಅಲ್ವಾ ಸರ್?

ನನ್ನ ಸ್ವಿಂಗ್ 76 ಮೈಲಿ. ಮೂರು ವರ್ಷ ಗಂಡನ 9 ಡಿಗ್ರಿ ಲಾಫ್ಟ್ (ಮುಖದ ಓರೆ) ಇರೋ ಡ್ರೈವರಲ್ಲಿ ಹೊಡೆದೆ, ಕ್ಯಾರಿ 140 ದಾಟ್ತಿರಲಿಲ್ಲ. 12 ಡಿಗ್ರಿದು, ಮೆತ್ತನೆ ಶಾಫ್ಟ್ (ದಂಡ) ಇರೋ ಸೆಕೆಂಡ್ ಹ್ಯಾಂಡ್ ಡ್ರೈವರ್ ತಗೊಂಡ ಮೇಲೆ 160. ವೇಗ ಒಂದು ಮೈಲಿಯೂ ಹೆಚ್ಚಲಿಲ್ಲ. ನಿಧಾನವಾಗಿ ಬೀಸೋರಿಗೆ ಲಾಫ್ಟ್ ಜಾಸ್ತಿ ಬೇಕು. "9 ಡಿಗ್ರಿ ಗಂಡಸರದ್ದು" ಅನ್ನೋ ಜಂಬಕ್ಕೆ ಎಷ್ಟು ಜನ ಎಷ್ಟು ದೂರ ಕಳ್ಕೊಂಡಿದ್ದಾರೋ.

ಇನ್ನೊಂದು. ನೀವು ಡ್ರೈವರನ್ನ, ನೆಲದ ಮೇಲಿನ ಚೆಂಡು ಹೊಡೆಯೋ ಐರನ್ ಕ್ಲಬ್ ಹಾಗೆ ಮೇಲಿಂದ ಕೆಳಗೆ ಕೊಚ್ತಿದ್ದೀರಿ ಅನ್ಸುತ್ತೆ. ಚಿನ್ನಿದಾಂಡು ಆಡಿದ್ದೀರಲ್ಲ? ಚಿನ್ನಿ ಗಾಳಿಗೆ ಎದ್ದ ಮೇಲೆ ಅದನ್ನ ನೆಲಕ್ಕೆ ಕುಕ್ತಿದ್ರಾ, ಎತ್ತಿ ಬಾರಿಸ್ತಿದ್ರಾ? ಡ್ರೈವರ್ ಹೊಡೆಯುವಾಗ ಚೆಂಡನ್ನ ಟೀ ಅನ್ನೋ ಪುಟ್ಟ ಗೂಟದ ಮೇಲೆ ಇಡೋದೇ ಅದಕ್ಕೆ. ಎಡಗಾಲ ಹಿಮ್ಮಡಿ ಎದುರಿಗೆ ಚೆಂಡು, ಬಲ ಹೆಗಲು ಸ್ವಲ್ಪ ತಗ್ಗಿ, ಚೆಂಡಿನ ಅರ್ಧ ಭಾಗ ಡ್ರೈವರ್ ತಲೆಗಿಂತ ಮೇಲೆ ಕಾಣಬೇಕು. ನಿಮ್ಮ ವೇಗಕ್ಕೆ ಐದು ಡಿಗ್ರಿ ಕೆಳಮುಖ ಹೊಡೆಯೋದಕ್ಕೂ ಐದು ಡಿಗ್ರಿ ಮೇಲ್ಮುಖ ಹೊಡೆಯೋದಕ್ಕೂ ಇಪ್ಪತ್ತು ಯಾರ್ಡ್ ಆಸುಪಾಸು ವ್ಯತ್ಯಾಸ ಬರುತ್ತೆ. ಅಂಗಡಿ ಹುಡುಗನ 25 ಯಾರ್ಡ್ ಇಲ್ಲೇ ಇದೆ, ಪುಕ್ಕಟೆ.

---

ಮಗಾ_ಡ್ರೈವರ್ · 1.05

ಅಕ್ಕ, ಒಪ್ತೀನಿ. ಆದ್ರೆ ಎಲ್ರೂ ಸೇರಿ ಸ್ಪೀಡ್ ಅಂದ್ರೆ ಏನೋ ತಪ್ಪು ಅನ್ನೋ ಥರ ಮಾತಾಡ್ಬೇಡಿ. ಹೊಡೆತ ಅಳೆಯೋ ಯಂತ್ರದ ಟ್ರ್ಯಾಕ್‌ಮ್ಯಾನ್ ಕಂಪನಿಯವರು ಕೊಟ್ಟಿದ್ದ ಟೂರ್ ಸರಾಸರಿ ನೋಡಿ. ಗಂಡಸರು: ಸ್ವಿಂಗ್ 113, ಚೆಂಡು 167, ಕ್ಯಾರಿ 275. ಹೆಂಗಸರು: ಸ್ವಿಂಗ್ 94, ಚೆಂಡು 140, ಕ್ಯಾರಿ 218. ಇಬ್ರದ್ದೂ ಸ್ಮ್ಯಾಶ್ ಒಂದೇ, 1.48, 1.49. ಅಂದ್ರೆ ಇಬ್ರೂ ಮಧ್ಯಕ್ಕೇ ಹೊಡೀತಾರೆ. 57 ಯಾರ್ಡ್ ಎಲ್ಲಿಂದ ಬಂತು? ಸ್ಪೀಡಿಂದ. 19 ಮೈಲಿಗೆ 57 ಯಾರ್ಡ್, ಮೈಲಿಗೆ ಮೂರು. ಒಂದು ಹಂತ ಆದ್ಮೇಲೆ ಸ್ಪೀಡ್ ಬಿಟ್ರೆ ಬೇರೆ ದಾರಿ ಇಲ್ಲ.

---

ಸರಸ್ವತಿಪುರಂ_ಅಕ್ಕ · 1.22

ಮರಿ, ಅದೇ ಅಂಕಿಯಲ್ಲಿ ಇನ್ನೊಂದು ಓದ್ಕೋ. 94 ಮೈಲಿ ಬೀಸೋ ಹೆಣ್ಣುಮಕ್ಕಳು 218 ಹೊಡೀತಾರೆ. 92 ಬೀಸೋ ನಮ್ಮ ಬೋಗಿ ಸರ್ 178. ಎರಡು ಮೈಲಿಗೆ 40 ಯಾರ್ಡ್!

---

ಬೆಟ್ಟದಡಿ_ಬೋಗಿ · 1.30

ಅಕ್ಕ, ಮನೆಯಲ್ಲಿ ಇದನ್ನ ತೋರಿಸಲ್ಲ ನಾನು.

---

ನಿವೃತ್ತ_ಮೇಷ್ಟ್ರು · 4.45

ಮೈಲಿಗೆ ಮೂರು ಗಜ ಎಂಬ ಲೆಕ್ಕ ಚೆನ್ನಾಗಿದೆ. ಇದರಲ್ಲಿ ಒಂದು ಸ್ವಾರಸ್ಯವಿದೆ, ಬರೆಯದೆ ಇರಲಾರೆ. ಬೇಸರವಾದರೆ ದಾಟಿಕೊಂಡು ಹೋಗಿ.

ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಗಾಳಿಯೇ ಇಲ್ಲದ ಲೋಕವಾಗಿದ್ದರೆ ದೂರವೂ ನಾಲ್ಕು ಪಟ್ಟಾಗುತ್ತಿತ್ತು. ಗಾಳಿಯ ತಡೆಯೂ ವೇಗದ ವರ್ಗದಂತೆಯೇ ಏರುವುದರಿಂದ, ನಾವು ಬೀಸುವ ವೇಗಗಳಲ್ಲಿ ಹೆಚ್ಚುಕಡಿಮೆ ಮೈಲಿಗೆ ಇಷ್ಟು ಗಜ ಎಂಬ ನೇರ ಲೆಕ್ಕಕ್ಕೆ ಬಂದು ನಿಲ್ಲುತ್ತದೆ.

ಹಾಗಾದರೆ ಗಾಳಿ ಶತ್ರುವೇ? ಮಹಿಳೆಯರ ಅಂಕಿಯನ್ನೇ ತೆಗೆದುಕೊಳ್ಳಿ. ಚೆಂಡು ಗಂಟೆಗೆ 140 ಮೈಲಿ, ಅಂದರೆ ಸೆಕೆಂಡಿಗೆ 62.6 ಮೀಟರು, ಹೊರಡುವ ಕೋನ 13 ಡಿಗ್ರಿ ಚಿಲ್ಲರೆ. ಗಾಳಿ ಇಲ್ಲವೆಂದುಕೊಂಡು ಎಸೆತದ ಸೂತ್ರ ಹಾಕಿದರೆ ಸುಮಾರು 194 ಗಜ ಬರುತ್ತದೆ. ನಿಜವಾಗಿ ಹೋಗುವುದು 218! ಎಳೆದು ನಿಲ್ಲಿಸುವ ಅದೇ ಗಾಳಿ, ಹಿಂದಕ್ಕೆ ತಿರುಗುವ ಚೆಂಡನ್ನು ಹೊತ್ತುಕೊಂಡೂ ಹೋಗುತ್ತದೆ. ಚೆಂಡಿನ ಮೈಮೇಲಿನ ಗುಳಿಗಳು ಅದಕ್ಕೇ ಇರುವುದು. ನುಣ್ಣನೆಯ ಚೆಂಡಾದರೆ ಅರ್ಧ ದೂರವೂ ಕಷ್ಟ. ಸ್ಪಿನ್ ಸ್ವಲ್ಪ ಇದ್ದರೆ ಹೊರುತ್ತದೆ, 3900 ಆದರೆ ಹೊತ್ತವನೇ ಬೆನ್ನ ಮೇಲೆ ಕೂತಂತೆ.

ಇನ್ನೊಂದು ವಿಷಯ. ಚೆಂಡು ಕ್ಲಬ್ಬಿಗೆ ಅಂಟಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗ. 92 ಮೈಲಿ ವೇಗದ ತಲೆ ಆ ಹೊತ್ತಿನಲ್ಲಿ ಚಲಿಸುವುದು ಹೆಬ್ಬೆರಳಿನ ಅಗಲದಷ್ಟು ಮಾತ್ರ. ತಾಗುವ ಕ್ಷಣದಲ್ಲಿ ಹಲ್ಲು ಕಚ್ಚಿ ಹಿಡಿ ಬಿಗಿ ಮಾಡುತ್ತೇವಲ್ಲ, ಆ ಸುದ್ದಿ ಚೆಂಡಿಗೆ ಮುಟ್ಟುವ ಮೊದಲೇ ಅದು ಹೊರಟುಹೋಗಿರುತ್ತದೆ.

---

ಕಬ್ಬಿನಗದ್ದೆ_ಮಂಡ್ಯ · 5.10

ಮೇಷ್ಟ್ರೇ, ತೂಕದ್ ತಲೆ ಹಾಕುಸ್ಬುಟ್ರೆ? ಕೊಡ್ಲಿ ತೂಕ ಇದ್ರೆ ಸೌದೆ ಚೆನ್ನಾಗ್ ಸೀಳ್ತದಲ್ಲ.

---

ನಿವೃತ್ತ_ಮೇಷ್ಟ್ರು · 5.24

ಒಳ್ಳೆಯ ಪ್ರಶ್ನೆ. ಅದೇ ಸೂತ್ರದಲ್ಲಿ 200ರ ಬದಲು 220 ಹಾಕಿ: 1.49 ಹೋಗಿ 1.51 ಆಗುತ್ತದೆ. ನೂರಕ್ಕೆ ಎರಡೂ ಇಲ್ಲ. ಆ 20 ಗ್ರಾಂ ಬೀಸುವ ವೇಗದಿಂದ ಅದಕ್ಕಿಂತ ಹೆಚ್ಚನ್ನೇ ಕಿತ್ತುಕೊಳ್ಳಬಹುದು. ಸೌದೆ ನಿಂತಲ್ಲೇ ಸೀಳಬೇಕು, ಚೆಂಡು ಓಡಬೇಕು.

---

ಫಿಸಿಯೋ_ಕುವೆಂಪುನಗರ · ಮೈಸೂರು · ರಾತ್ರಿ 8.50

ಡೆಡ್‌ಲಿಫ್ಟ್ ಅಂತ ಓದಿ ಒಳಗೆ ಬಂದೆ. ಮಗಾ ಅವರೇ, 54 ವರ್ಷದವರಿಗೆ ಹೀಗೆ ಒಂದು ಸಾಲಲ್ಲಿ ಹೇಳಿಬಿಡಬೇಡಿ. ಗಾಲ್ಫ್ ಆಡೋರು ನನ್ನ ಹತ್ತಿರ ಬರೋದು ಹೆಚ್ಚಾಗಿ ಸೊಂಟ ಹಿಡ್ಕೊಂಡೇ. ಅದರಲ್ಲೂ ಯಾವುದೋ ವಿಡಿಯೋ ನೋಡಿ "ಸ್ಪೀಡ್ ಟ್ರೈನಿಂಗ್" ಶುರು ಮಾಡಿದ ಎರಡನೇ ವಾರ.

ಬೆನ್ನಿನ ಕೆಳಭಾಗದ ಐದು ಮೂಳೆಗಳು ಎಲ್ಲಾ ಸೇರಿ ತಿರುಗೋದು ಹತ್ತು ಹದಿನೈದು ಡಿಗ್ರಿ ಅಷ್ಟೇ. ತಿರುಗಬೇಕಾದ್ದು ಅದರ ಮೇಲಿನ ಎದೆಭಾಗದ ಬೆನ್ನು ಮತ್ತು ಕೆಳಗಿನ ಸೊಂಟದ ಕೀಲು. ಕುರ್ಚಿ ಮೇಲೆ ಮೂವತ್ತು ವರ್ಷ ಕೂತವರಿಗೆ ಈ ಎರಡೂ ಗಟ್ಟಿಯಾಗಿರುತ್ತೆ. ಆಗ ಆ ಕೆಲಸವನ್ನೂ ಕೆಳಬೆನ್ನು ಮಾಡೋಕೆ ಹೋಗಿ ನೋವಾಗುತ್ತೆ.

ಬೋಗಿ ಅವರೇ, ಒಂದು ಪರೀಕ್ಷೆ ಮಾಡಿ. ಕುರ್ಚಿ ಮೇಲೆ ನೇರ ಕೂತು, ಮಂಡಿ ಮಧ್ಯೆ ಒಂದು ದಿಂಬು ಅದುಮಿಕೊಂಡು, ಕೈ ಎದೆ ಮೇಲೆ ಕಟ್ಟಿ, ಎಡಕ್ಕೂ ಬಲಕ್ಕೂ ತಿರುಗಿ. 45 ಡಿಗ್ರಿ ಬರದಿದ್ರೆ ಮೊದಲು ಅದನ್ನ ಸರಿ ಮಾಡ್ಕೊಳ್ಳಿ. ಮಗ್ಗುಲಾಗಿ ಮಲಗಿ, ಮಂಡಿ ಮಡಚಿ, ಮೇಲಿನ ಕೈಯನ್ನ ಪುಸ್ತಕ ತೆರೆದ ಹಾಗೆ ಹಿಂದಕ್ಕೆ ಬಿಡೋದು, ಪ್ರತಿ ಕಡೆ ಹತ್ತು ಸಲ, ದಿನಾ. ಮೊದಲ ಟೀಗೆ (ಆಟ ಶುರು ಮಾಡೋ ಜಾಗಕ್ಕೆ) ಕಾರಿಂದ ಇಳಿದು ನೇರ ಹೋಗಬೇಡಿ. ಹತ್ತು ನಿಮಿಷ ಮೈ ಬಿಸಿ ಮಾಡ್ಕೊಳ್ಳಿ. ವೇಗದ ಅಭ್ಯಾಸ ಮಾಡೋದಾದ್ರೆ ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನ ಬಿಡುವು. ನೋವು ಕಾಲಿಗೆ ಇಳಿದ್ರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಬಲ ಬೇಡ ಅಂತ ನಾನು ಹೇಳ್ತಿಲ್ಲ. ಈ ವಯಸ್ಸಲ್ಲಿ ತೂಕ ಎತ್ತೋದು ಒಳ್ಳೇದೇ, ಕಲಿಸೋರ ಎದುರಿಗೆ.

---

ಮಗಾ_ಡ್ರೈವರ್ · 9.15

ಸಾರಿ ಮೇಡಂ. ಆದ್ರೂ ಹೇಳ್ತೀನಿ, ನಮ್ಮೂರಿನ ಕ್ರಿಕೆಟಿಗ ಶ್ರೀನಾಥ್ ಗಂಟೆಗೆ 150 ಕಿಲೋಮೀಟರ್ ಹತ್ರ ಬೌಲ್ ಮಾಡ್ತಿದ್ದಿದ್ದಕ್ಕೇ ಅಲ್ವಾ ಮೈಸೂರು ಎಕ್ಸ್‌ಪ್ರೆಸ್ ಅಂದಿದ್ದು? ಲೈನ್ ಲೆಂತ್ ನೋಡಿ ಯಾರೂ ಎಕ್ಸ್‌ಪ್ರೆಸ್ ಅನ್ನಲ್ಲ.

---

ಪಾರ್_ಪಡುವಾರಹಳ್ಳಿ · ಮೈಸೂರು · 9.31

ಆ ಎಕ್ಸ್‌ಪ್ರೆಸ್ಸಿನ ದೇಹ ನೋಡಿದ್ದೀಯೇನಪ್ಪ? ತೆಳ್ಳಗೆ ಉದ್ದಕ್ಕೆ ಬಿದಿರು ಗಳದ ಹಾಗೆ. ಡೆಡ್‌ಲಿಫ್ಟ್ ಲೆಕ್ಕದಲ್ಲಿ ಆ ವೇಗ ಬರಬಾರದಿತ್ತು.

ಸ್ಪೀಡ್ ಬೇಡ ಅನ್ನಲ್ಲ. ಆದ್ರೆ ನಮ್ಮ ಗಾಲ್ಫರ್ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಲ್ಲಿ ನಾಲ್ಕನೇಯವರಾದ್ರಲ್ಲ, ಆ ಇಡೀ ಕೂಟದಲ್ಲಿ ಡ್ರೈವ್ ದೂರದಲ್ಲಿ ಅವರು ಹಿಂದಿನ ಸಾಲು. ಒಂದೇ ಒಂದು ಸ್ಟ್ರೋಕಲ್ಲಿ ಪದಕ ಹೋಯ್ತು. ಆ ಶನಿವಾರ ಬೆಳಿಗ್ಗೆ ಗಾಲ್ಫ್ ಅಂದ್ರೆ ಏನು ಅಂತ ಗೊತ್ತಿಲ್ಲದ ನಮ್ಮಮ್ಮನೂ ಟಿವಿ ಮುಂದೆ ಕೂತು "ಅಯ್ಯೋ ಗುಂಡಿಗೆ ಬೀಳಮ್ಮಾ" ಅಂತಿದ್ರು.

---

ಮಗಾ_ಡ್ರೈವರ್ · 9.40

ಅದನ್ನೇ ನಾನೂ ಹೇಳೋದು! ಅವ್ರಿಗೆ ಇನ್ನು 20 ಯಾರ್ಡ್ ಇದ್ದಿದ್ರೆ ಪದಕ ಬರ್ತಿತ್ತು.

---

ಪಾರ್_ಪಡುವಾರಹಳ್ಳಿ · 9.44

...ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಗೆದ್ದೆ ಮಗಾ.

---

ಪಾರ್_ಪಡುವಾರಹಳ್ಳಿ · ಮಂಗಳವಾರ ಬೆಳಿಗ್ಗೆ 8.10

ಇನ್ನೊಂದು ಹೇಳೋದು ಮರೆತೆ. "ನಾನು 240 ಹೊಡೀತೀನಿ" ಅನ್ನೋರೆಲ್ಲ ಯಾವ ತಿಂಗಳ ಲೆಕ್ಕ ಹೇಳ್ತಾರೆ ಅಂತ ಕೇಳಿ. ಏಪ್ರಿಲ್‌ನಲ್ಲಿ ನಮ್ಮ ನೆಲ ಹೆಂಚಿನ ಹಾಗೆ ಕಾದಿರುತ್ತೆ, ಚೆಂಡು ಬಿದ್ದು ಮೂವತ್ತು ನಲವತ್ತು ಯಾರ್ಡ್ ಓಡುತ್ತೆ. ಜುಲೈನಲ್ಲಿ ಅದೇ ಹೊಡೆತ ಬಿದ್ದ ಜಾಗದಲ್ಲೇ ಕೆಸರಲ್ಲಿ ಕೂರುತ್ತೆ. ಸ್ವಿಂಗ್ ಬದಲಾಗಿಲ್ಲ, ಮಳೆ ಬಂದಿದೆ ಅಷ್ಟೆ. ಹೋಲಿಸೋದಾದ್ರೆ ಕ್ಯಾರಿ ಮಾತ್ರ ಹೋಲಿಸಿ.

ಎತ್ತರದ್ದೂ ಹಾಗೇ. ಸಾವಿರ ಅಡಿ ಮೇಲೆ ಹೋದ್ರೆ ದೂರ ನೂರಕ್ಕೆ ಒಂದು ಚಿಲ್ಲರೆ ಜಾಸ್ತಿ ಅಂತ ರೂಢಿ ಲೆಕ್ಕ. ಮೈಸೂರು 2500 ಅಡಿ, ಅಂದ್ರೆ ಕಡಲ ಮಟ್ಟದಲ್ಲಿ 200 ಹೋಗೋದು ಇಲ್ಲಿ 206ರ ಹತ್ರ. ಊಟಿ 7000 ಅಡಿ ಮೇಲೆ. ಅಲ್ಲಿ ಆಡಿ ಬಂದೋರು ಎರಡು ವಾರ ನೆಲದ ಮೇಲೆ ನಡೆಯಲ್ಲ. ಕಡಲ ಪಕ್ಕದ ಮಂಗಳೂರಿನ ಪಿಲಿಕುಳ ಗಾಲ್ಫ್ ಕೋರ್ಸಿಗೆ ಕರ್ಕೊಂಡು ಹೋಗಿ, ಇಳೀತಾರೆ.

---

ಬೆಟ್ಟದಡಿ_ಬೋಗಿ · ಭಾನುವಾರ ಮಧ್ಯಾಹ್ನ 2.15

ಒಂದು ವಾರದ ವರದಿ.

ಚೆಂಡು ಎಲ್ಲಿ ತಾಗುತ್ತೆ ಅಂತ ನೋಡೋಕೆ ಡ್ರೈವರ್ ಮುಖಕ್ಕೆ ಪೌಡರ್ ಸ್ಪ್ರೇ ಹೊಡೀರಿ ಅಂತಾರೆ ವಿಡಿಯೋದಲ್ಲಿ. ನಮ್ಮನೇಲಿ ಅಂಥದ್ದೆಲ್ಲ ಇಲ್ಲ. ಮೊದಲು ವಿಭೂತಿ ಗಟ್ಟಿಗೆ ಕೈ ಹಾಕಿದೆ, ಹೆಂಡತಿ ನೋಡಿದ ನೋಟಕ್ಕೆ ವಾಪಸ್ ಇಟ್ಟೆ. ಕೊನೆಗೆ ಕಂಡಿದ್ದು ನಂಜನಗೂಡು ಹಲ್ಲುಪುಡಿ. ಒಂದು ಚಿಟಿಕೆ ಒದ್ದೆ ಬಟ್ಟೆಯಲ್ಲಿ ತಗೊಂಡು ಮುಖದ ಮೇಲೆ ತೆಳ್ಳಗೆ ಒರೆಸಿದೆ. ಕಪ್ಪು ಮುಖದ ಮೇಲೆ ಗುಲಾಬಿ ಪುಡಿ, ಒಣಗಿದ ಮೇಲೆ ಒಂದು ಚೆಂಡು ಹೊಡೆದ್ರೆ ಗುಳಿಗುಳಿಯಾಗಿ ನಾಲ್ಕಾಣೆ ಅಗಲದ ಅಚ್ಚು ಬೀಳುತ್ತೆ. ಮೇಷ್ಟ್ರೇ, ಇಷ್ಟು ಚೆನ್ನಾಗಿ ಯಾವ ಯಂತ್ರವೂ ತೋರಿಸಲ್ಲ.

ಹತ್ತು ಹೊಡೆದೆ. ಏಳು ಅಚ್ಚು ಮುಖದ ಹಿಮ್ಮಡಿ ಕಡೆ (ಶಾಫ್ಟ್ ಸೇರೋ ಕಡೆ), ಅದೂ ತಳಕ್ಕೆ. ಎರಡು ಮಧ್ಯ. ಒಂದು ಎಲ್ಲೂ ಕಾಣಲಿಲ್ಲ, ತಿರುಗಿಸಿ ನೋಡಿದ್ರೆ ನೆತ್ತಿ ಮೇಲಿತ್ತು. ಮಧ್ಯ ತಾಗಿದ ಎರಡಕ್ಕೆ ಕೈಗೆ ಏನೂ ಅನ್ನಿಸಲಿಲ್ಲ, ಖಾಲಿ ಬೀಸಿದ ಹಾಗೆ. ಆ ಎರಡು ಚೆಂಡು ಉಳಿದವಕ್ಕಿಂತ ಎಷ್ಟೋ ಮುಂದೆ ಬಿದ್ದಿದ್ವು. ಮಂಡ್ಯದವರ ಮಚ್ಚಿನ ಮಾತು ಅಕ್ಷರಶಃ.

ಅಕ್ಕ ಹೇಳಿದ ಹಾಗೆ ಟೀ ಎತ್ತರಿಸಿ ಚೆಂಡು ಮುಂದಿಟ್ಟೆ. ಮೊದಲ ದಿನ ಮೂರು ಚೆಂಡು ಆಕಾಶಕ್ಕೆ ಹೋದ್ವು. ಫಿಸಿಯೋ ಮೇಡಂ ಪರೀಕ್ಷೆಯಲ್ಲಿ ಬಲಕ್ಕೆ ಸುಮಾರು 30 ಡಿಗ್ರಿ, ಫೇಲು.

---

ಸರಸ್ವತಿಪುರಂ_ಅಕ್ಕ · 3.00

ಹಿಮ್ಮಡಿ, ತಳ. ಅದೇ 3900 ಸ್ಪಿನ್ನಿನ ತಾಯಿಬೇರು. ಮುಖದ ಕೆಳಗೆ ತಾಗಿದಷ್ಟೂ ಸ್ಪಿನ್ ಏರುತ್ತೆ, ಮಧ್ಯಕ್ಕಿಂತ ಕೂದಲೆಳೆ ಮೇಲೆ ತಾಗಿದ್ರೆ ಇಳಿಯುತ್ತೆ. ಇನ್ನೊಂದು ಮಾಡಿ: ಕ್ಲಬ್‌ನ ಹಿಡಿಯಲ್ಲಿ ಒಂದು ಇಂಚು ಕೆಳಗೆ ಹಿಡೀರಿ. ವೇಗ ಒಂದು ಮೈಲಿ ಹೋಗಬಹುದು, ಮಧ್ಯ ಸಿಗುತ್ತೆ.

---

ಕಬ್ಬಿನಗದ್ದೆ_ಮಂಡ್ಯ · 6.40

ಸಾ, ಇನ್ನೊಂದ್ ಆಟ ಯೋಳ್ತೀನಿ, ಮನೆ ಅಂಗಳದಲ್ಲೇ ಮಾಡ್ಬೌದು. ಡ್ರೈವರ್ನ ತಿರುಗ್ಸಿ ತಲೆ ಪಕ್ಕ ಹಿಡ್ಕಳಿ, ಹಿಡಿ ಇರೋ ಕಡೆ ಬೀಸಿ. ಸುಯ್ ಅಂತದೆ. ಆ ಸದ್ದು ಎಲ್ ಬತ್ತದೆ ಅಂತ ಕೇಳುಸ್ಕಳಿ. ಬಲಗಡೆ ಭುಜದತ್ರ ಬಂದ್ರೆ ನಿಮ್ ಸ್ಪೀಡು ಚೆಂಡ್ ಇರೋಗಂಟ ಉಳ್ಕಂಡಿಲ್ಲ, ಮ್ಯಾಲೇ ಖರ್ಚಾಗೋಯ್ತು ಅಂತ. ಚೆಂಡ್ ದಾಟಿ ಎಡಗಡೆ ಬರ್ಬೇಕು ಸದ್ದು. ಚಾಟಿ ಬೀಸ್ದಾಗ ತುದಿ ಕಡೇಗ್ ತಾನೆ ಚಟೀರ್ ಅನ್ನೋದು.

---

ಮಗಾ_ಡ್ರೈವರ್ · 10.20

ಒಂದ್ ವಿಷ್ಯ ಹೇಳ್ತೀನಿ, ನಗ್ಬೇಡಿ. ನಾನೂ ಹಲ್ಲುಪುಡಿ ಹಾಕಿ ನೋಡ್ದೆ. ಆಮೇಲೆ ಅಂಗಡಿಗೂ ಹೋದೆ. ಸ್ವಿಂಗ್ 112, ಚೆಂಡು 155. ಸ್ಮ್ಯಾಶ್ 1.38. ಅಚ್ಚು ಮುಖದ ತುಂಬ, ರಂಗೋಲಿ ಚುಕ್ಕಿ ಥರ.

---

ನಿವೃತ್ತ_ಮೇಷ್ಟ್ರು · 10.26

ನಗಲಿಲ್ಲ. ನಿನಗೆ ಬರಬೇಕಾದ್ದು 167. ನಿನ್ನದು ಬೋಗಿಯವರಿಗಿಂತ ಶ್ರೀಮಂತ ಕಾಯಿಲೆ.

---

ಬೆಟ್ಟದಡಿ_ಬೋಗಿ · ಎರಡು ತಿಂಗಳ ನಂತರ, ಶನಿವಾರ ರಾತ್ರಿ 8.05

ಯಾರಾದ್ರೂ ಇನ್ನೂ ಈ ಚರ್ಚೆ ಓದ್ತಿದ್ರೆ: ಇವತ್ತು ಮತ್ತೆ ಅದೇ ಬೆಂಗಳೂರಿನ ಅಂಗಡಿ, ಅದೇ ಹಳೇ ಡ್ರೈವರ್. ಸ್ವಿಂಗ್ 93. ಚೆಂಡು 133. ಕೋನ 13 ಡಿಗ್ರಿ. ಸ್ಪಿನ್ 2900. ಕ್ಯಾರಿ 203. ಬಲಕ್ಕೆ ಈಗ 40 ಡಿಗ್ರಿ ತಿರುಗ್ತೀನಿ, ಇನ್ನೂ ಐದು ಬಾಕಿ. ಎರಡು ತಿಂಗಳಲ್ಲಿ ವೇಗ ಹೆಚ್ಚಿದ್ದು ಒಂದೇ ಮೈಲಿ. ಅದು ಯಂತ್ರದ ತಪ್ಪೋ ನನ್ನ ಬೆಳವಣಿಗೆಯೋ ಗೊತ್ತಿಲ್ಲ.

ಎಲ್ಲಾ ದಿನ ಹೀಗೇ ಅಂತ ಸುಳ್ಳು ಹೇಳಲ್ಲ. ಹೋದ ವಾರ ಕೋರ್ಸಲ್ಲಿ ಸಿಟ್ಟು ಬಂದು ಜೋರಾಗಿ ಬೀಸಿದೆ, ಮತ್ತೆ ಹಿಮ್ಮಡಿ, ಮತ್ತೆ ಜುಮ್. ನಮ್ಮ 63ರ ಯಜಮಾನರು ಪಕ್ಕದಲ್ಲಿ ನಿಂತು ಗ್ಲೌಸ್ ತೆಗೀತಾ "ಯಾರ ಮೇಲೆ?" ಅಂತ ಕೇಳಿದ್ರು, ಅಷ್ಟೇ. ಈಗ ಅವರ ಚೆಂಡಿಗೂ ನನ್ನದಕ್ಕೂ ಒಂದೊಂದು ದಿನ ಐದಾರು ಹೆಜ್ಜೆ ಅಂತರ. ಒಂದೊಂದು ದಿನ ನಾನೇ ಮುಂದೆ.

ಅಂಗಡಿ ಹುಡುಗ ಈ ಸಲ ಪರದೆ ನೋಡಿದ. "ಅಂಕಲ್, ಹೊಸ ಡ್ರೈವರ್ ಎಲ್ಲಿ ತಗೊಂಡ್ರಿ?" ಅಂದ. ಮುಖ ತಿರುಗಿಸಿ ತೋರಿಸಿದೆ. ಗೀರುಗಳ ಸಂದಿಯಲ್ಲಿ ಗುಲಾಬಿ ಬಣ್ಣ ಇನ್ನೂ ಹೋಗಿಲ್ಲ.

---

ಮಗಾ_ಡ್ರೈವರ್ · 8.11

ಸೂಪರ್ ಸರ್!! ನಂದು 109ಕ್ಕೆ ಇಳ್ಸಿದೀನಿ, ಚೆಂಡು 158. ಇಳ್ಸಿದ್ರೂ ಮೂರು ಮೈಲಿ ಜಾಸ್ತಿ. ತಲೆ ಕೆಟ್ಟೋಗಿದೆ.

---

ಫಿಸಿಯೋ_ಕುವೆಂಪುನಗರ · 8.30

ಉಳಿದ ಐದು ಡಿಗ್ರಿ ಮರೀಬೇಡಿ.

---

ಕಬ್ಬಿನಗದ್ದೆ_ಮಂಡ್ಯ · 9.02

ಸಾ, ಕಟಾವ್ ಮುಗೀತು. ಬರೋ ಶನಿವಾರ ಮೈಸೂರ್ಗ್ ಬತ್ತಿದ್ದೀನಿ, ನಿಮ್ ಯಜಮಾನ್ರನ್ನೂ ಕರೀರಿ, ನಾಕ್ ಜನ ಆಡ್ಮ. ಮದ್ದೂರ್ ವಡೆ ನಾನ್ ತತ್ತೀನಿ. ಹಲ್ಪುಡಿ ನೀವ್ ತನ್ನಿ.